ಹರಿಹರದ ದಾರಿಯಲ್ಲಿ ಮದಗುಣಿಕೆ

ಕಳೆದ ಮಹಾಶಿವರಾತ್ರಿಯ ಹಿಂದಿನ ದಿನ ನಾವು ದಾವಣಗೆರೆಯ ಸದ್ಭಕ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಹಳೆಯ ಕಾಲದ ಮನೆ. ಹಿಂದೆ ವಿಶಾಲವಾದ ಹಿತ್ತಿಲು. ಬಿಲ್ವ, ಕಣಗಿಲೆ, ಮಲ್ಲಿಗೆಗಳ ನಡುವೆ ಎದೆಯೆತ್ತರಕ್ಕೆ ಹರಡಿಕೊಂಡಿದ್ದ ಮದಗುಣಿಕೆಯ ಗಿಡವೊಂದು ನಮ್ಮ ಕಣ್ಣಿಗೆ ಬಿದ್ದಿತು. ದತ್ತೂರ, ಉಮ್ಮತ್ತಿ ಎಂದು ಕರೆಯುವುದೂ ಇದನ್ನೇ. ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಹುಟ್ಟುವ ಈ ಗಿಡವನ್ನು ಮನೆಯ ಹಿರಿಯ ತಾಯಿಯವರು ಪೂಜೆಗೆಂದು ಬೀಜ ಬಿತ್ತಿ, ನೀರೆರೆದು ಬೆಳೆಸಿದ್ದರು.

ಅವರ ಮೊಮ್ಮಗಳು ನಾಲ್ಕು ವರ್ಷದ ಕೂಸು, ಗಿಡದ ಬುಡದಲ್ಲಿಯೇ ಅಡುಗೆಯಾಟ ಹೂಡಿತ್ತು. ಪುಟ್ಟ ಮಡಕೆಯೊಂದನ್ನು ನಮ್ಮ ಮುಂದಿಟ್ಟು, "ಅಜ್ಜಾ, ಬೇಳೆ ಬೆಂದೈತಿ, ಉಣ್ಣು" ಎಂದಿತು. ನೋಡಿದರೆ, ಒಡೆದ ಮುಳ್ಳುಕಾಯಿಯಿಂದ ಉದುರಿದ ಬೀಜಗಳು! ಮಗುವಿನ ಕೈ ಬಾಯಿ ತೊಳೆಸಿ, ಒಂದು ಬೀಜವೂ ಒಳಗೆ ಹೋಗಿಲ್ಲವೆಂದು ಖಚಿತವಾದ ಮೇಲೆಯೇ ನಮ್ಮ ಎದೆಬಡಿತ ಶಾಂತವಾಯಿತು. ತಾಯಿಯವರು ಮಾತ್ರ, "ಶಿವನಿಗೆ ಏರಿಸೋ ಹೂವಿನ ಗಿಡ, ಗುರುಗಳೇ. ಅದರಿಂದ ಕೇಡಾದೀತೇ?" ಎಂದರು. ನಾವು ಆ ಕೂಡಲೇ ಉತ್ತರ ಕೊಡಲಿಲ್ಲ. ಮಠದ ವಿದ್ಯಾರ್ಥಿನಿಲಯದ ಒಂದು ಸಂಜೆ ನೆನಪಾಗಿತ್ತು.

ನಮ್ಮ ಸಹಪಾಠಿಯೊಬ್ಬ ಗೆಳೆಯರ ಪಂಥಕ್ಕೆ ಬಿದ್ದು ಇದೇ ಬೀಜಗಳನ್ನು ನುಂಗಿದ್ದ. ಅರ್ಧ ತಾಸು ಕಳೆಯುವಷ್ಟರಲ್ಲಿ ಬಾಯಿ ಒಣಗಿತು, ಮುಖ ಕೆಂಪೇರಿತು, ಮೈ ಕಾದ ಹಂಚಿನಂತಾಯಿತು. ಇಲ್ಲದ ದಾರವನ್ನು ಗಾಳಿಯಲ್ಲಿ ಎಳೆಯುತ್ತ, ಯಾರನ್ನೂ ಗುರುತಿಸದೆ ಬಡಬಡಿಸತೊಡಗಿದ. ಹಿರಿಯರು ಆಸ್ಪತ್ರೆಗೆ ಒಯ್ದುದರಿಂದ ಜೀವ ಉಳಿಯಿತು. ಆದರೆ ಕಣ್ಣಿನ ಪಾಪೆ ಹಿಗ್ಗಿದ್ದರಿಂದ ಹಲವು ದಿನ ಅವನಿಗೆ ಪುಸ್ತಕದ ಅಕ್ಷರ ಕಾಣಲಿಲ್ಲ.

ಅಪರಾಹ್ನ ಹರಿಹರಕ್ಕೆ ಹೊರಟೆವು. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್. ಭದ್ರಾ ನಾಲೆಯ ನೀರು ಕಂಡ ಗದ್ದೆಗಳ ಹಸುರು ಒಂದೆಡೆ. ರಸ್ತೆಯಂಚಿನ ಒಣ ಮಣ್ಣಿನಲ್ಲಿ ಅಲ್ಲಲ್ಲಿ ಮದಗುಣಿಕೆ. ನೀರು ಕಡಿಮೆಯಿದ್ದರೂ ಬಿಸಿಲೊಂದಿದ್ದರೆ ಸಾಕು, ಅದು ಬದುಕುತ್ತದೆ. ಇದರ ಸೋದರ ಗಿಡಗಳು ಮೆಕ್ಸಿಕೋ ಹಾಗೂ ಅಮೆರಿಕದ ನೈರುತ್ಯ ಭಾಗದ ಮರುಭೂಮಿಗಳಲ್ಲಿ ಬೆಳೆಯುತ್ತವೆ. ಕುಲದ ಮೂಲ ಅಮೆರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರಾದರೂ, ಕೊಲಂಬಸನಿಗಿಂತ ಎಷ್ಟೋ ಶತಮಾನ ಹಿಂದಿನ ಅಮರಕೋಶದಲ್ಲಿ ಧತ್ತೂರದ ಹೆಸರಿದೆ. ಉನ್ಮತ್ತ, ಕಿತವ, ಧೂರ್ತ ಎಂಬವು ಅಲ್ಲಿ ಅದರ ಪರ್ಯಾಯಪದಗಳು. ಬಂಗಾರದ ಹೆಸರುಗಳೂ ಅದಕ್ಕೆ ಸಲ್ಲುತ್ತವೆ. ಹುಚ್ಚ, ಜೂಜುಕೋರ, ವಂಚಕ, ಕನಕ! ನಮ್ಮ ಹಿರಿಯರು ಗಿಡವನ್ನು ಪೂಜೆಗೆ ತಂದರು. ಅದರ ಸ್ವಭಾವವನ್ನು ಹೆಸರಿನಲ್ಲಿಯೇ ಕಟ್ಟಿಟ್ಟರು.

ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಥನು ಕಟ್ಟಿಸಿದನು. ಒಂದೇ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಕಡೆದ ಕಂಬಗಳ ನಯವನ್ನು ನೋಡಿಕೊಂಡು ಹೊಳೆಯ ಕಡೆಗೆ ಬಂದಾಗ ಸೂರ್ಯಾಸ್ತವಾಗಿತ್ತು. ದಡದ ಮದಗುಣಿಕೆಯಲ್ಲಿ ಹಗಲೆಲ್ಲ ಮುದುಡಿದ ಕೊಡೆಯಂತೆ ಸುರುಳಿಗೊಂಡಿದ್ದ ಮೊಗ್ಗು ಮೆಲ್ಲನೆ ಬಿಚ್ಚಿ ಬಿಳಿಯ ಕಹಳೆಯಾಯಿತು. ಕತ್ತಲು ಇಳಿದಂತೆ ಸುವಾಸನೆ ಹರಡಿತು. ದೊಡ್ಡ ಪತಂಗವೊಂದು ಬಂದು, ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು, ಉದ್ದನೆಯ ಹೀರುನಳಿಗೆಯನ್ನು ಚಾಚಿ ಮಧುವನ್ನು ಹೀರಿತು. ಇಂಥ ಪತಂಗಗಳಿಗಾಗಿಯೇ ಈ ಹೂವು ರಾತ್ರಿ ಅರಳುವುದು. ನಾವು ಬಹಳ ಹೊತ್ತು ನೋಡುತ್ತ ನಿಂತೆವು.

ಬದನೆ, ಮೆಣಸಿನಕಾಯಿಗಳ ಕುಲಕ್ಕೇ ಸೇರಿದ ಈ ಗಿಡದ ಬೇರು, ಎಲೆ, ಹೂವು, ಬೀಜ ಎಲ್ಲವೂ ವಿಷ. ಬೀಜವು ಮೆಣಸಿನಕಾಯಿಯ ಬೀಜದಂತೆಯೇ ಕಾಣುವುದರಿಂದ ಮೋಸಹೋಗುವುದು ಸುಲಭ. 1676ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ನಲ್ಲಿ ಇದರ ಸೋದರ ಗಿಡದ ಎಲೆಯನ್ನು ಸೊಪ್ಪೆಂದು ಬೇಯಿಸಿ ತಿಂದ ಸೈನಿಕರು 11 ದಿನ ಬುದ್ಧಿಗೆಟ್ಟಿದ್ದರೆಂದು ಇತಿಹಾಸಕಾರ ರಾಬರ್ಟ್ ಬೆವರ್ಲಿ ಬರೆದಿದ್ದಾನೆ. ಆದರೆ ಈ ಗಿಡದೊಳಗಿನ ಅಟ್ರೊಪಿನ್ ಎಂಬ ಸತ್ತ್ವವೇ ವೈದ್ಯರ ಕೈಯಲ್ಲಿ ಔಷಧಿ. ಕೆಲವು ಬಗೆಯ ಕೀಟನಾಶಕಗಳು ಮೈಸೇರಿದ ರೈತನನ್ನು ಉಳಿಸಲು ಆಸ್ಪತ್ರೆಯಲ್ಲಿ ಚುಚ್ಚುವುದು ಅಟ್ರೊಪಿನ್ನನ್ನೇ. ಒಂದೇ ಮೂರ್ತಿಯಲ್ಲಿ ಎರಡು ಭಾಗಗಳನ್ನು ಕಂಡು ಬಂದಿದ್ದ ನಮಗೆ ಇದು ವಿಚಿತ್ರವೆನಿಸಲಿಲ್ಲ.

ರಾತ್ರಿ ಮರಳಿದ ಮೇಲೆ ತಾಯಿಯವರಿಗೆ ಹೇಳಿದೆವು: "ತಾಯಿ, ಹಾಲಾಹಲವನ್ನು ಕಂಠದಲ್ಲಿ ಧರಿಸಿದವನಿಗೆ ಈ ಹೂವು ಸಲ್ಲುತ್ತದೆ. ನಮ್ಮ ಕೂಸಿಗೆ ಆ ಕಂಠವಿಲ್ಲ." ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ಹಾಗಾದರೆ ಕಿತ್ತುಬಿಡಲೇ?" ಎಂದರು. ಕೀಳಬೇಕಿಲ್ಲ, ಕಾಯಬೇಕು ಎಂದೆವು.

ಬೆಳೆಸುವವರು ಇಷ್ಟನ್ನು ಗಮನಿಸಲಿ. ಮಕ್ಕಳು, ದನಕರುಗಳು ಸುಳಿಯದ ಮೂಲೆಯಲ್ಲಿ, ಸೊಪ್ಪುಪಲ್ಲೆಯ ಪಾತಿಯಿಂದ ದೂರ, ಬೇಲಿಯೊಳಗೆ ಗಿಡವಿರಲಿ. ಕಾಯಿ ಬಲಿತು ಒಡೆಯುವ ಮೊದಲೇ ಕಿತ್ತು ಆಳವಾಗಿ ಹೂಳಬೇಕು. ಸುಡಬಾರದು, ಹೊಗೆಯೂ ವಿಷವೇ. ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯದೆ ಸಾಬೂನಿನಿಂದ ತೊಳೆಯಬೇಕು. ಮುಖ್ಯವಾಗಿ, ಈ ಹೂವು ಬಿದ್ದ ನೀರನ್ನು ತೀರ್ಥವೆಂದು ಯಾರಿಗೂ ಕೊಡಬಾರದು. ಏರಿಸಿದ ಹೂವನ್ನು ಪ್ರಸಾದದ ತಟ್ಟೆಯಲ್ಲಿಡಬಾರದು. ಎರಡೂ ಮಕ್ಕಳ ಬಾಯಿಗೇ ಮೊದಲು ಹೋಗುವಂಥವು. ಅಕಸ್ಮಾತ್ ತಿಂದರೆಂಬ ಸಂಶಯ ಬಂದರೂ ಮನೆಮದ್ದಿಗೆ, ವಾಂತಿ ಮಾಡಿಸುವುದಕ್ಕೆ ಹೊತ್ತು ಕಳೆಯದೆ, 108ಕ್ಕೆ ಕರೆಮಾಡಿ, ಗಿಡದ ತುಂಡೊಂದನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು.

ಮರುದಿನ ಬೆಳಗಾಗುವಷ್ಟರಲ್ಲಿ ಮನೆಯ ಮಗ ಗಿಡದ ಸುತ್ತ ತಂತಿ ಬಿಗಿದಿದ್ದ. ಕಾಯಿಗಳೆಲ್ಲ ಮಣ್ಣು ಸೇರಿದ್ದವು. ಪೂಜೆಯಲ್ಲಿ ಹೂವು ಏರಿತು, ತೀರ್ಥದ ಬಟ್ಟಲು ದೂರವಿತ್ತು. ಪೂಜೆ ಮುಗಿದ ಮೇಲೆ ಅಜ್ಜಿ ಮೊಮ್ಮಗಳ ಮಡಕೆಗೆ ಒಂದು ಹಿಡಿ ತೊಗರಿಬೇಳೆ ಹಾಕಿದರು. ಆ ಊಟಕ್ಕೆ ಮತ್ತೆ ಕರೆ ಬಂದಾಗ ನಾವು ನಿಶ್ಚಿಂತೆಯಿಂದ ಕೈಯೊಡ್ಡಿದೆವು.