ಕಲೋತ್ಸವದ ಪಟ್ಟಿ

ಕಲೋತ್ಸವ ಎಂದೊಡನೆ ನಿಮಗೆ ಏನೇನು ನೆನಪಾಗುತ್ತದೆ? ಬಣ್ಣದ ಉಡುಪು, ಗೆಜ್ಜೆಯ ಸದ್ದು, ಮೈಕಿನಲ್ಲಿ ಕೇಳುವ ಹೆಸರುಗಳು, ಚಪ್ಪರದ ಅಡಿಯಲ್ಲಿ ಬಡಿಸುವ ಊಟ, ಬಹುಮಾನ. ನನಗೆ ಮೊದಲು ನೆನಪಾಗುವುದು ಒಂದು ಪಟ್ಟಿ. ಯಾವ ಮಗು, ಯಾವ ಶಾಲೆ, ಯಾವ ಸ್ಪರ್ಧೆ, ಯಾವ ವೇದಿಕೆ, ಎಷ್ಟು ಗಂಟೆಗೆ ಎಂದು ಬರೆದಿರುವ ಪಟ್ಟಿ. ನೀವು ವೇದಿಕೆಯಲ್ಲಿ ನಿಂತು ಹಾಡುವುದು ಐದು ನಿಮಿಷ. ಆ ಐದು ನಿಮಿಷಕ್ಕಾಗಿ ಕೆಲವು ಅಧ್ಯಾಪಕರು ಹಲವು ಸಂಜೆಗಳನ್ನು ಪಟ್ಟಿಯ ಮುಂದೆ ಕಳೆದಿರುತ್ತಾರೆ. ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯ ಅಧ್ಯಾಪಕನಾದ ನಾನೂ ಅವರಲ್ಲಿ ಒಬ್ಬ. ಮೊದಲು ನಾವು ಆ ಪಟ್ಟಿಯನ್ನು ಕಾಗದದ ಮೇಲೆ ಬರೆಯುತ್ತಿದ್ದೆವು. ಈಗ ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತೇವೆ.

ಕೇರಳದಲ್ಲಿ ಮೊದಲ ರಾಜ್ಯಮಟ್ಟದ ಶಾಲಾ ಕಲೋತ್ಸವ ನಡೆದುದು 1957ರ ಜನವರಿಯಲ್ಲಿ, ಎರ್ನಾಕುಳಂನಲ್ಲಿ. ಬಹುಕಾಲ ಅದನ್ನು ಯುವಜನೋತ್ಸವ ಎಂದು ಕರೆಯುತ್ತಿದ್ದರು. ಅರುವತ್ತನೆಯ ಕಲೋತ್ಸವವು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ 2019ರ ನವೆಂಬರ್ 28ರಿಂದ ದಶಂಬರ 1ರ ವರೆಗೆ ನಡೆಯಿತು. ಅದಕ್ಕೆ ಮೊದಲು ಕಾಸರಗೋಡು ಜಿಲ್ಲೆಗೆ ಆ ಭಾಗ್ಯ ಸಿಕ್ಕಿದ್ದು 1991ರಲ್ಲಿ. ನಾಲ್ಕು ದಿನಗಳಲ್ಲಿ 239 ಸ್ಪರ್ಧೆಗಳು! ನಮ್ಮ ಕನ್ನಡದ ಕಂಠಪಾಠ, ಕನ್ನಡ ಭಾಷಣ, ಯಕ್ಷಗಾನ ಇವೆಲ್ಲ ಆ ಸ್ಪರ್ಧೆಗಳಲ್ಲಿ ಸೇರಿವೆ. ನಿಮ್ಮಂಥ ಪುಟ್ಟ ಮಕ್ಕಳ ಕಲೋತ್ಸವ ಉಪಜಿಲ್ಲೆಯಲ್ಲೇ ಮುಗಿಯುತ್ತದೆ. ಆದರೆ ಪಟ್ಟಿಯ ಕೆಲಸ ಅಲ್ಲಿಯೂ ಒಂದೇ. ದೊಡ್ಡ ಮನೆಗೂ ಚಿಕ್ಕ ಮನೆಗೂ ಅಡಿಪಾಯ ಬೇಕಲ್ಲವೇ?

ಕಾಗದದ ಕಾಲದಲ್ಲಿ ಒಂದೊಂದು ಶಾಲೆಯಿಂದ ಒಂದೊಂದು ಲಕೋಟೆ ಬರುತ್ತಿತ್ತು. ಅದರಲ್ಲಿ ಮಕ್ಕಳ ಹೆಸರು. ಕಾರ್ಯಕ್ರಮ ಸಮಿತಿಯವರು ಅವನ್ನೆಲ್ಲ ಉದ್ದದ ಪುಸ್ತಕಕ್ಕೆ ಎತ್ತಿ ಬರೆಯುತ್ತಿದ್ದರು. ಪ್ರತಿಗಳು ಬೇಕಾದರೆ ನಡುವೆ ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆಯಬೇಕು. ಮೂರನೆಯ ಪ್ರತಿಗೆ ಬರುವಾಗ ಅಕ್ಷರಗಳು ಮಂಜಿನಲ್ಲಿ ನಿಂತ ಮರಗಳಂತೆ ಕಾಣುತ್ತಿದ್ದವು. ಕೆಲಸವನ್ನು ಹಂಚಿಕೊಳ್ಳುವ ಕ್ರಮವೂ ಇತ್ತು. ಹಾಡಿನ ಸ್ಪರ್ಧೆಗಳ ಸಮಯಪಟ್ಟಿ ಒಬ್ಬರಿಗೆ, ಕಂಠಪಾಠ ಮತ್ತು ಕಥೆ ಹೇಳುವ ಸ್ಪರ್ಧೆಗಳದು ಇನ್ನೊಬ್ಬರಿಗೆ. ಗುಂಪು ಸ್ಪರ್ಧೆಗೆ ಶಾಲೆಯ ಹೆಸರನ್ನು ಬರೆದರೆ ಸಾಕಿತ್ತು, ಹಾಡುವ ಮಕ್ಕಳೆಲ್ಲರ ಹೆಸರು ಬೇಕಿರಲಿಲ್ಲ. ಇದರಿಂದ ಏನಾಗುತ್ತಿತ್ತು ಎಂಬುದಕ್ಕೆ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

1998ರ ಬಾಲಕಲೋತ್ಸವ. ಆಗ ನಾನು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಗುಡ್ಡೆಯ ಮೇಲಿನ ಸಣ್ಣ ಶಾಲೆ ನಮ್ಮದು. ಮೊದಲ ಬಸ್ಸಿಗೆ ಮಕ್ಕಳನ್ನು ಹತ್ತಿಸಿಕೊಂಡು ಹೊರಟಿದ್ದೆವು. ನಮ್ಮ ನಾಲ್ಕನೇ ತರಗತಿಯ ಒಬ್ಬಳು ಹುಡುಗಿ ದೇಶಭಕ್ತಿಗಾನದ ಏಳು ಮಂದಿಯಲ್ಲಿ ಒಬ್ಬಳು. ಕನ್ನಡ ಕಂಠಪಾಠಕ್ಕೂ ಅವಳೇ. ಅಜ್ಜಿ ದಿನವೂ ದೀಪ ಹಚ್ಚಿದ ಮೇಲೆ ಅವಳಿಂದ ಪದ್ಯ ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿಸಿದ್ದರು. ಸಮಯಪಟ್ಟಿ ನಮ್ಮ ಕಣ್ಣಿಗೆ ಬಿದ್ದದ್ದು ಅಂದು ಬೆಳಗ್ಗೆ, ಆತಿಥೇಯ ಶಾಲೆಯ ಗೋಡೆಯ ಮೇಲೆ. ಎರಡನೇ ವೇದಿಕೆಯಲ್ಲಿ ದೇಶಭಕ್ತಿಗಾನ, ನಾಲ್ಕನೇ ವೇದಿಕೆಯಲ್ಲಿ ಕಂಠಪಾಠ. ಎರಡೂ ಹನ್ನೊಂದು ಗಂಟೆಗೆ.

ಗುಂಪನ್ನು ಬಿಟ್ಟು ಹೋದರೆ ಉಳಿದ ಆರು ಮಂದಿಯ ಹಾಡು ಕೆಡುತ್ತದೆ. ಅವಳು ಹೋಗಲಿಲ್ಲ. ಹಾಡು ಮುಗಿದ ಕೂಡಲೇ ಮೆಟ್ಟಿಲಿಳಿದು ಒಂದೇ ಓಟ ಓಡಿದಳು. ನಾಲ್ಕನೇ ವೇದಿಕೆಯಲ್ಲಿ ಅವಳ ಹೆಸರನ್ನು ಮೂರು ಬಾರಿ ಕರೆದು ಆಗಿತ್ತು. ಕೊನೆಯ ಮಗು ಪದ್ಯ ಹೇಳಿ ಇಳಿಯುತ್ತಿತ್ತು. ತೀರ್ಪುಗಾರರು ಅಂಕಗಳನ್ನು ಕೂಡಿಸುತ್ತಿದ್ದರು. ನಾನು ವೇದಿಕೆಯವರಲ್ಲಿ ಕೇಳಿಕೊಂಡೆ. "ಮಾಷ್ಟ್ರೇ, ನಿಯಮ ಎಲ್ಲರಿಗೂ ಒಂದೇ ಅಲ್ಲವೇ?" ಎಂದರು. ಅವರು ಹೇಳಿದ್ದೂ ಸರಿಯೇ. ಹಾಡಿನ ಪಟ್ಟಿ ಸರಿಯಾಗಿತ್ತು, ಕಂಠಪಾಠದ ಪಟ್ಟಿಯೂ ಸರಿಯಾಗಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ.

ಹುಡುಗಿ ಅಳಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಯಾರೂ ಹೇಳದಿದ್ದರೂ, ಮೊದಲಿನಿಂದ ಕೊನೆಯ ತನಕ ಆ ಪದ್ಯವನ್ನು ಮೆಲುದನಿಯಲ್ಲಿ ಹೇಳಿದಳು. ಟಿಕೇಟು ಕೊಡಲು ಬಂದ ಕಂಡಕ್ಟರು ಪದ್ಯ ಮುಗಿಯುವ ವರೆಗೆ ಕಾದು ನಿಂತಿದ್ದರು.

ಶಾಲೆಗಳಿಗೆ ಕಂಪ್ಯೂಟರ್ ಬಂದುದು ಆಮೇಲೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಕಲೋತ್ಸವಕ್ಕೆಂದೇ ಒಂದು ಸಾಫ್ಟ್‌ವೇರ್ ಸಿದ್ಧವಾಯಿತು. ಈಗ ಲಕೋಟೆಯ ಕೆಲಸವಿಲ್ಲ. ಶಾಲೆಯಲ್ಲಿ ಕುಳಿತೇ ಮಕ್ಕಳ ವಿವರಗಳನ್ನು ಸೇರಿಸಬಹುದು. ಭಾಗವಹಿಸುವ ಮಗುವಿನ ಚೀಟಿ, ವೇದಿಕೆಯಲ್ಲಿ ಹೆಸರು ಕರೆಯುವ ಹಾಳೆ, ಅಂಕ ಬರೆಯುವ ಹಾಳೆ, ಪ್ರಮಾಣಪತ್ರ ಎಲ್ಲವೂ ಅಲ್ಲಿಂದಲೇ ಮುದ್ರಣವಾಗಿ ಬರುತ್ತವೆ. ಒಮ್ಮೆ ಬರೆದ ಹೆಸರನ್ನು ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಗುಂಪು ಸ್ಪರ್ಧೆಗೂ ಪ್ರತಿಯೊಂದು ಮಗುವಿನ ಹೆಸರು ಬೇಕು. ಎಲ್ಲ ಲಾಭಗಳಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಈ ಕೊನೆಯದು.

ಕಾರ್ಯಕ್ರಮ ಸಮಿತಿಯ ಕೆಲಸ ನನ್ನ ಪಾಲಿಗೆ ಬಂದ ವರ್ಷ ನಾನು ಮೊದಲು ಮಾಡಿದ್ದು ಒಂದು ಹುಡುಕಾಟ. ಒಂದಕ್ಕಿಂತ ಹೆಚ್ಚು ಸ್ಪರ್ಧೆಗಳಲ್ಲಿರುವ ಮಕ್ಕಳು ಯಾರು ಯಾರು? ಹೆಸರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಗೆರೆ ಎಳೆದ ಕೋಷ್ಟಕಕ್ಕೆ ತಂದೆವು. ಒಂದು ಸಾಲಿಗೆ ಒಂದು ಮಗು, ಒಂದು ಸ್ಪರ್ಧೆ. ವ್ಯಾಯಾಮದ ತರಗತಿಯಲ್ಲಿ ನೀವು ಎತ್ತರಕ್ಕೆ ಸರಿಯಾಗಿ ಸಾಲು ನಿಲ್ಲುತ್ತೀರಲ್ಲವೇ? ಹಾಗೆಯೇ ಕಂಪ್ಯೂಟರು ಸಾವಿರ ಸಾಲುಗಳನ್ನು ಕ್ಷಣದಲ್ಲಿ ಕ್ರಮವಾಗಿ ನಿಲ್ಲಿಸುತ್ತದೆ. ಆಗ ಒಂದೇ ಮಗುವಿನ ಸಾಲುಗಳು ಒಂದರ ಕೆಳಗೆ ಒಂದು ಬಂದು ಸೇರುತ್ತವೆ. ಪಕ್ಕದಲ್ಲಿ ಸಮಯವಿದೆ. ಎರಡೂ ಹನ್ನೊಂದು ಗಂಟೆ ಎಂದಿದ್ದರೆ ಕಣ್ಣಿಗೆ ಹೊಡೆದು ಕಾಣುತ್ತದೆ.

ಆದರೆ ಯಾವುದನ್ನು ಹಿಡಿದು ಸಾಲು ನಿಲ್ಲಿಸಬೇಕು? ಹೆಸರನ್ನು ಹಿಡಿದರೆ ಆಗುವುದಿಲ್ಲ. ಒಂದೇ ಮಗುವಿನ ಹೆಸರನ್ನು ಒಂದು ಕಡೆ 'ಶ್ರೀಲಕ್ಷ್ಮಿ' ಎಂದೂ ಇನ್ನೊಂದು ಕಡೆ 'ಶ್ರೀಲಕ್ಷ್ಮೀ' ಎಂದೂ ಬರೆದಿರುತ್ತಾರೆ. ನಮಗೆ ಅವಳು ಒಬ್ಬಳೇ. ಕಂಪ್ಯೂಟರಿಗೆ ಅವರು ಇಬ್ಬರು! ಶಾಲೆಗೆ ಸೇರುವಾಗ ಕೊಟ್ಟ ದಾಖಲಾತಿ ಸಂಖ್ಯೆಯನ್ನು ಹಿಡಿಯೋಣವೇ? ಬೇರೆ ಬೇರೆ ಶಾಲೆಗಳಲ್ಲಿ ಒಂದೇ ಸಂಖ್ಯೆಯ ಮಕ್ಕಳಿರಬಹುದು. ಪ್ರತಿಯೊಂದು ಶಾಲೆಗೂ ಐದು ಅಂಕೆಗಳ ಒಂದು ಸಂಖ್ಯೆ ಇದೆ, ನಿಮ್ಮ ಶಾಲೆಯದು ಎಷ್ಟೆಂದು ಅಧ್ಯಾಪಕರಲ್ಲಿ ಕೇಳಿ ನೋಡಿ. ಆ ಸಂಖ್ಯೆಯನ್ನೂ ದಾಖಲಾತಿ ಸಂಖ್ಯೆಯನ್ನೂ ಜೋಡಿಸಿದಾಗ ಒಂದು ಮಗುವಿಗೆ ಒಂದೇ ಗುರುತು ಸಿಕ್ಕಿತು. ಆ ಸಂಜೆ ಸಮಯ ತಾಕಲಾಡುತ್ತಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಹುಡುಕಿ, ಸ್ಪರ್ಧೆಗಳನ್ನು ಹಿಂದೆ ಮುಂದೆ ಮಾಡಿದೆವು.

ಇಷ್ಟಾದ ಮೇಲೆ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಒಂದು ಮಗುವಿನ ಕಥೆ ಹತ್ತೂಮುಕ್ಕಾಲಕ್ಕೆ ಮುಗಿಯುತ್ತದೆ, ಹಾಡು ಹನ್ನೊಂದಕ್ಕೆ. ತೊಂದರೆ ಎಲ್ಲಿದೆ? ನಮ್ಮೊಡನಿದ್ದ ಆತಿಥೇಯ ಶಾಲೆಯ ಟೀಚರ್ ಪಟ್ಟಿಯನ್ನು ನೋಡಿ ಕೇಳಿದರು: "ಮಾಷ್ಟ್ರೇ, ಮೂರನೇ ವೇದಿಕೆಗೆ ಹೋಗಲು ಗದ್ದೆಯ ಹುಣಿ ದಾಟಬೇಕಲ್ಲ?"

ಶಾಲೆಯಲ್ಲಿ ಜಾಗ ಸಾಲದೆ ಮೂರನೇ ವೇದಿಕೆಯನ್ನು ಗದ್ದೆಯಾಚೆಯ ಸಭಾಭವನದಲ್ಲಿ ಗೊತ್ತುಮಾಡಿದ್ದರು. ಮರುದಿನ ನಾವು ಅದೇ ಶಾಲೆಯ ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನು ಕರೆದುಕೊಂಡು ಗಡಿಯಾರ ನೋಡುತ್ತಾ ನಡೆದೆವು. ಅವನ ಹೆಜ್ಜೆಯಲ್ಲಿ ಹನ್ನೆರಡು ನಿಮಿಷ. ಮಳೆ ಬಂದು ಹುಣಿ ಜಾರುವಂತಿದ್ದರೆ, ಕಾಲಿಗೆ ಗೆಜ್ಜೆ ಕಟ್ಟಿದ್ದರೆ ಇನ್ನೂ ಹೆಚ್ಚು. ಕಂಪ್ಯೂಟರಿಗೆ ಮೂರನೇ ವೇದಿಕೆ ಎಂದರೆ '3' ಎಂಬ ಅಂಕೆ ಮಾತ್ರ. ಗದ್ದೆ ಅದಕ್ಕೆ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ಆ ವೇದಿಕೆಗೆ ಹೋಗಿ ಬರುವ ಮಕ್ಕಳಿಗೆ ಎರಡು ಸ್ಪರ್ಧೆಗಳ ನಡುವೆ ಅರ್ಧ ಗಂಟೆಯ ಬಿಡುವು ಇರಬೇಕೆಂದು ತೀರ್ಮಾನಿಸಿ ಪಟ್ಟಿಯನ್ನು ಮತ್ತೊಮ್ಮೆ ತಿದ್ದಿದೆವು.

ಕನ್ನಡ ಮಕ್ಕಳ ಹೆಸರಿನ ಸಮಸ್ಯೆ ಬೇರೆ. ನಮ್ಮ ಕೈಗೆ ಬರುವ ಪಟ್ಟಿಯಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿದ್ದವು. ಆ ಅಕ್ಷರಗಳಲ್ಲಿ ನಕಾರಕ್ಕೂ ಣಕಾರಕ್ಕೂ ವ್ಯತ್ಯಾಸವಿಲ್ಲ. 'ಅವನಿ' ಎಂಬ ಹೆಸರನ್ನು ಓದುವವರು 'ಆವಣಿ' ಎಂದು ಓದಬಹುದು. ಮೈಕಿನಲ್ಲಿ ತನ್ನ ಹೆಸರು ಬೇರೆಯೇ ಆಗಿ ಕೇಳಿದರೆ ಪುಟ್ಟ ಮಗು ಏಳುವುದೇ ಇಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನೆ ಕುಳಿತಿರುತ್ತದೆ. ಕನ್ನಡ ಸ್ಪರ್ಧೆಗಳ ಪಟ್ಟಿಗೆ ನಾವು ಇನ್ನೊಂದು ಕಾಲಂ ಸೇರಿಸಿ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿದೆವು. ಮೊದಮೊದಲು ಇದು ಸುಲಭವಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಾಗದ ಚಿಹ್ನೆಗಳ ಸಂತೆಯಾಗುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಬಳಕೆಗೆ ಬಂದ ಮೇಲೆ ಆ ಕಷ್ಟ ತೀರಿತು.

ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಬೇಕೆಂದು ನನಗೆ ಅನಿಸುವುದಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಮಕ್ಕಳು ಚೀಟಿ ಎತ್ತಿ ತಿಳಿಯುತ್ತಾರೆ. ತೀರ್ಪುಗಾರರಿಗೆ ಮಗುವಿನ ಹೆಸರಾಗಲಿ ಶಾಲೆಯಾಗಲಿ ತಿಳಿಯದಂತೆ ಒಂದು ಸಂಕೇತವನ್ನು ಮಾತ್ರ ಕೊಡುತ್ತಾರೆ. ಚೀಟಿ ಎತ್ತುವ ಕೆಲಸವನ್ನೂ ಕಂಪ್ಯೂಟರು ಮಾಡಬಲ್ಲುದು. ಆದರೆ ತನ್ನ ಕೈಯಿಂದಲೇ ಎತ್ತಿದ ಚೀಟಿಯಲ್ಲಿ 'ಒಂದು' ಎಂದು ಬಂದರೆ ಮಗು ಯಾರನ್ನೂ ದೂರುವುದಿಲ್ಲ. ಸ್ವಲ್ಪ ಹೆದರುತ್ತದೆ, ಅಷ್ಟೆ.

ಅಂಕಗಳ ವಿಷಯದಲ್ಲಿ ಮಾತ್ರ ನಾನು ಯಂತ್ರದ ಪಕ್ಷ. ರಾಜ್ಯಮಟ್ಟದಲ್ಲಿ 'ಎ' ಶ್ರೇಣಿಗೆ 5 ಅಂಕ, 'ಬಿ' ಶ್ರೇಣಿಗೆ 3, 'ಸಿ' ಶ್ರೇಣಿಗೆ 1. ಕಾಞಂಗಾಡಿನ ಕಲೋತ್ಸವದಲ್ಲಿ ಪಾಲಕ್ಕಾಡ್ ಜಿಲ್ಲೆ 951 ಅಂಕಗಳೊಂದಿಗೆ ಚಿನ್ನದ ಕಪ್ಪನ್ನು ಗೆದ್ದಿತು. ಕೋಝಿಕ್ಕೋಡ್ ಮತ್ತು ಕಣ್ಣೂರು ಜಿಲ್ಲೆಗಳಿಗೆ 949 ಅಂಕ. ಪಾಲಕ್ಕಾಡಿನ ಒಂದೇ ಒಂದು 'ಎ' ಕೈತಪ್ಪಿ 'ಬಿ' ಎಂದು ದಾಖಲಾಗಿದ್ದರೆ ಏನಾಗುತ್ತಿತ್ತು? ಲೆಕ್ಕ ಮಾಡಿ ನೋಡಿ. ಆ ನಾಲ್ಕು ದಿನ ಫಲಿತಾಂಶಗಳನ್ನು 'ಪೂಮರಂ' ಎಂಬ ಮೊಬೈಲ್ ಆ್ಯಪ್‌ನಲ್ಲಿ ಮನೆಯಲ್ಲಿ ಕುಳಿತವರೂ ನೋಡುತ್ತಿದ್ದರು. ಯಂತ್ರ ಕೂಡಿಸುವುದರಲ್ಲಿ ತಪ್ಪುವುದಿಲ್ಲ, ಆದರೆ ಅದಕ್ಕೆ ಅಂಕಗಳನ್ನು ಕೊಡುವವರು ಮನುಷ್ಯರೇ. ನಮ್ಮ ಉಪಜಿಲ್ಲೆಯಲ್ಲಿ ಒಬ್ಬರು ಅಂಕಗಳನ್ನು ಗಟ್ಟಿಯಾಗಿ ಓದುತ್ತಾರೆ, ಒಬ್ಬರು ಟೈಪ್ ಮಾಡುತ್ತಾರೆ, ಮೂರನೆಯವರು ಪರದೆಯನ್ನು ನೋಡುತ್ತಾರೆ. ಆ ಕೋಣೆಗೆ ಚಹಾ ತರುವವರನ್ನೂ ನಾವು ಬಾಗಿಲಲ್ಲೇ ನಿಲ್ಲಿಸುತ್ತೇವೆ.

ಇನ್ನು ಸಣ್ಣಪುಟ್ಟ ಸಂಗತಿಗಳು. ಹಿಂದೆ ಒಂದು ವೇದಿಕೆಯ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸಲು ದೊಡ್ಡ ತರಗತಿಯ ಹುಡುಗರು ಚೀಟಿ ಹಿಡಿದು ಓಡುತ್ತಿದ್ದರು. ಈಗ ವೇದಿಕೆಯವರೆಲ್ಲ ಸೇರಿದ ವಾಟ್ಸ್‌ಆ್ಯಪ್ ಗುಂಪು ಇದೆ. 'ನಾಲ್ಕನೇ ವೇದಿಕೆ ಅರ್ಧ ಗಂಟೆ ತಡ' ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಒಂದು ವರ್ಷ ಆ ಗುಂಪಿನಲ್ಲಿ ಹೂವಿನ ಚಿತ್ರದ ಶುಭೋದಯಗಳೇ ತುಂಬಿ ಮುಖ್ಯ ಸುದ್ದಿ ಅಡಿಗೆ ಹೋಯಿತು. ಅಂದಿನಿಂದ ಕಲೋತ್ಸವದ ದಿನಗಳಲ್ಲಿ ಅಲ್ಲಿ ಯಾರೂ ಯಾರಿಗೂ ಶುಭ ಕೋರುವಂತಿಲ್ಲ! ಕರೆಂಟು ಹೋದರೆ ಎಂಬ ಹೆದರಿಕೆಯಿಂದ ಎಲ್ಲ ಪಟ್ಟಿಗಳನ್ನೂ ಮುದ್ರಿಸಿ ಪ್ರತಿಯೊಂದು ವೇದಿಕೆಯಲ್ಲೂ ಇಡುತ್ತೇವೆ. ಅಡುಗೆಯ ಭಟ್ಟರು ಹಿಂದಿನ ದಿನ ಬಂದು "ಮಾಷ್ಟ್ರೇ, ನಾಳೆ ಎಷ್ಟು ಎಲೆ?" ಎಂದು ಕೇಳುತ್ತಾರೆ. ಅಂದಂದಿನ ಮಕ್ಕಳ ಲೆಕ್ಕವನ್ನು ಕಂಪ್ಯೂಟರಿನಿಂದ ತೆಗೆದು ಕೊಡುತ್ತೇವೆ. ಭಟ್ಟರು ನಗುತ್ತಾರೆ. "ಸಣ್ಣ ಮಕ್ಕಳು ಒಬ್ಬೊಬ್ಬರೇ ಬರುವುದುಂಟೇ? ಅಮ್ಮ ಬರುತ್ತಾರೆ, ಅಮ್ಮನ ಸೊಂಟದಲ್ಲಿ ತಮ್ಮ ಇರುತ್ತಾನೆ" ಎನ್ನುತ್ತಾ ತಮ್ಮ ಲೆಕ್ಕವನ್ನು ಸೇರಿಸಿಕೊಂಡು ಅಕ್ಕಿ ಅಳೆಯುತ್ತಾರೆ.

ಕೊನೆಯ ದಿನ ಚಪ್ಪರ ಬಿಚ್ಚುವ ಹೊತ್ತಿಗೆ ನಾವು ಪಟ್ಟಿಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಮುಂದಿನ ವರ್ಷದ ಸಮಿತಿಗಾಗಿ ತೆಗೆದಿಡುತ್ತೇವೆ. ಸ್ಪರ್ಧೆಗಳ ಕ್ರಮ, ಯಾವುದಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು, ಕನ್ನಡದ ಕಾಲಂ ಎಲ್ಲಿದೆ, ಎಲ್ಲವೂ ಅದರಲ್ಲಿವೆ. ವೇದಿಕೆಗಳ ನಡುವಿನ ದಾರಿಯ ಅಂಕಣವನ್ನು ಮಾತ್ರ ಖಾಲಿ ಬಿಟ್ಟಿರುತ್ತೇವೆ. ಅದರ ಪಕ್ಕದಲ್ಲಿ 'ಮಗುವಿನೊಂದಿಗೆ ನಡೆದು ನೋಡಿ ತುಂಬಿಸಿ' ಎಂದು ಬರೆದಿದೆ.