ಕಾರ್ಡ್ ಇತ್ತು, ದೃಶ್ಯ ಇರಲಿಲ್ಲ

ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆ. ಈಗ ಡೆಸ್ಕ್‌ಗೆ ಫೋನ್ ಮಾಡಿದರೆ ಆ ಆರೂ ಆಮೇಲೆ, ಮೊದಲು ಕೇಳುವುದು ‘ಸಿಸಿಟಿವಿ ಸಿಕ್ತಾ?’ ಎಂದು. ಸಿಕ್ಕರೆ ಸುದ್ದಿಗೆ ಜಾಗ ಇದೆ. ಇಲ್ಲದಿದ್ದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಸುದ್ದಿ ಲೆಕ್ಕದಲ್ಲಿ ದುಡ್ಡು ಎಣಿಸುವ ಆನೇಕಲ್ ತಾಲ್ಲೂಕಿನ ನಾವು ನಾಲ್ಕೈದು ಜನ ಹೀಗಾಗಿ ಅರ್ಧ ವರದಿಗಾರರು, ಇನ್ನರ್ಧ ಕ್ಯಾಮೆರಾ ರಿಪೇರಿಯವರು.

ಜಿಗಣಿಯಲ್ಲಿ ಕ್ಯಾಮೆರಾಗಳಿಗೆ ಬರವಿಲ್ಲ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಗೇಟಿನಲ್ಲಿ ದೊಡ್ಡವು, ಎಪಿಸಿ ಸರ್ಕಲ್‌ನ ಸುತ್ತ ಅಂಗಡಿಗಳಲ್ಲಿ ಮಧ್ಯಮದವು, ಒಳಗಿನ ಬೀದಿಗಳಲ್ಲಿ ಬಾಡಿಗೆ ರೂಮುಗಳ ಸಾಲಿನ ಮೇಲೆ ಎರಡು ಸಾವಿರ ರೂಪಾಯಿಯೊಳಗೆ ಸಿಗುವ, ಬಲ್ಬಿನ ಹಾಗೆ ಕಾಣುವ ಸಣ್ಣವು. ಬನ್ನೇರುಘಟ್ಟದ ಕಾಡು ಪಕ್ಕದಲ್ಲೇ ಇರುವುದರಿಂದ ಚಿರತೆಯ ಭಯಕ್ಕೆ ಹಾಕಿಸಿದವರೂ ಇದ್ದಾರೆ. 2023ರ ಅಕ್ಟೋಬರ್ ಕೊನೆಯಲ್ಲಿ ಸಿಂಗಸಂದ್ರದ ಕಡೆ ಚಿರತೆ ಓಡಾಡಿದ್ದು ಗೊತ್ತಾಗಿದ್ದೇ ಸಿಸಿಟಿವಿಯಿಂದ. ಆಮೇಲೆ ನಮ್ಮ ಕಡೆಯೂ ಗೋಡೆಗಳಿಗೆ ಕಣ್ಣು ಬಂದವು. ಅವುಗಳಲ್ಲಿ ಎಷ್ಟು ಕಣ್ಣಿಗೆ ನೆನಪಿದೆ ಎನ್ನುವುದು ಬೇರೆ ಮಾತು.

ಹೋದ ವರ್ಷ ಒಂದು ಶನಿವಾರ ರಾತ್ರಿ ಹತ್ತೂ ನಲವತ್ತರ ಹೊತ್ತಿಗೆ ಬೊಮ್ಮಸಂದ್ರ–ಜಿಗಣಿ ಲಿಂಕ್ ರಸ್ತೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ನಡೆದು ಬರುತ್ತಿದ್ದ ಹುಡುಗನಿಗೆ ಲಾರಿ ಹೊಡೆದು ನಿಲ್ಲದೆ ಹೋಯಿತು. ರಾಯಚೂರು ಕಡೆಯವನು. ಭಾನುವಾರ ಅವನ ಅಣ್ಣ ಬಂದ. ಸೋಮವಾರ ಪೋಸ್ಟ್‌ಮಾರ್ಟಂ ಮುಗಿದು, ಹೆಣ ಊರಿಗೆ ಹೋಯಿತು. ಅಣ್ಣ ಮಾತ್ರ ಹಿಂದೆ ಉಳಿದುಕೊಂಡ. ಮಂಗಳವಾರ ಮಧ್ಯಾಹ್ನ ನಮ್ಮನ್ನು ಹುಡುಕಿಕೊಂಡು ಬಂದು ಕೇಳಿದ್ದು ಒಂದೇ: ‘ಸಾರ್, ಗಾಡಿ ನಂಬರ್ ಸಿಗ್ತದೇನ್ರಿ?’

ನಂಬರಿನ ಬೆಲೆ ಏನು ಎಂದು ಅವನಿಗೆ ಯಾರೋ ಆಗಲೇ ಹೇಳಿದ್ದರು. ಗಾಡಿ ಪತ್ತೆಯಾಗದಿದ್ದರೆ ಹಿಟ್ ಆಂಡ್ ರನ್ ಯೋಜನೆಯಲ್ಲಿ ಸಾವಿಗೆ ಸಿಗುವುದು 2 ಲಕ್ಷ ರೂಪಾಯಿ. 2022ರ ಏಪ್ರಿಲ್‌ಗೆ ಮೊದಲು ಅದು 25 ಸಾವಿರ ಇತ್ತು. ಗಾಡಿ ಸಿಕ್ಕಿ ಅದಕ್ಕೆ ವಿಮೆ ಇದ್ದರೆ ವಿಷಯವೇ ಬೇರೆ. ನ್ಯಾಯಮಂಡಳಿ ವಯಸ್ಸು, ಸಂಬಳ, ಅವಲಂಬಿತರು ಎಲ್ಲ ಲೆಕ್ಕ ಹಾಕುತ್ತದೆ. ದುಡಿಯುವ ಹುಡುಗನ ಸಾವಿಗೆ ಅದು ಹಲವು ಪಟ್ಟು ಆಗಬಹುದು. ಆದರೆ ಅರ್ಜಿಗೆ ಅಪಘಾತದಿಂದ ಆರು ತಿಂಗಳ ಗಡುವು.

ರಸ್ತೆಯ ಆ ತುಂಡಿಗೆ ಮುಖ ಮಾಡಿದ ಕ್ಯಾಮೆರಾ ಇದ್ದದ್ದು ಎರಡು. ಮೊದಲನೆಯದು ಟೀ ಅಂಗಡಿಯದು. ಅಂಗಡಿಯವರು ಮೊಬೈಲಿನಲ್ಲಿ ಲೈವ್ ತೋರಿಸಿ, ‘ನೋಡಿ, ಫಸ್ಟ್ ಕ್ಲಾಸ್ ಇದೆ’ ಎಂದರು. ಲೈವ್ ಚೆನ್ನಾಗಿಯೇ ಇತ್ತು. ಹಿಂದಿನದನ್ನು ತೆಗೆದರೆ ಕೊನೆಯ ದೃಶ್ಯದಲ್ಲಿ ಬಾಗಿಲಿಗೆ ಹಸಿರು ಮಾವಿನ ತೋರಣ! ಯುಗಾದಿಯ ದಿನ. ಅಲ್ಲಿಂದೀಚೆಗೆ ನಾಲ್ಕು ತಿಂಗಳು ಆ ಕಾರ್ಡಿಗೆ ಒಂದು ಅಕ್ಷರವೂ ಬಿದ್ದಿರಲಿಲ್ಲ.

ಇದು ನಾವು ಅತಿ ಹೆಚ್ಚು ಕಂಡಿರುವ ಕಾಯಿಲೆ. ಫ್ಲ್ಯಾಷ್ ಮೆಮೊರಿಯ ಒಂದೊಂದು ಕೋಶವನ್ನೂ ಅಳಿಸಿ ಬರೆಯಲು ಒಂದು ಮಿತಿ ಇದೆ. ಫೋನಿನಲ್ಲಿ ಹಾಡು, ಫೋಟೊ ಇಡುವ ಕಾರ್ಡಿಗೆ ಆ ಮಿತಿ ವರ್ಷಗಟ್ಟಲೆ ಮುಟ್ಟುವುದಿಲ್ಲ. ಕ್ಯಾಮೆರಾ ಹಾಗಲ್ಲ, ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ. ಮಿತಿ ಮುಗಿದಾಗ ಕೆಲವು ಕಾರ್ಡುಗಳು ಪೂರ್ತಿ ಸಾಯುತ್ತವೆ, ಕೆಲವು ಓದಲು ಮಾತ್ರ ಎಂಬ ಸ್ಥಿತಿಗೆ ಹೋಗಿಬಿಡುತ್ತವೆ. ಫಾರ್ಮ್ಯಾಟ್ ಕೊಟ್ಟರೆ ‘ಯಶಸ್ವಿ’ ಎಂದು ಬಂದರೂ ಬರಬಹುದು. ತೆಗೆದು ಹಾಕಿ ನೋಡಿದರೆ ಹಳೆಯ ಕಡತಗಳು ಹಾಗೇ ಕುಳಿತಿರುತ್ತವೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು ಅಷ್ಟೆ. ಕ್ಯಾಮೆರಾಗೆಂದೇ ಬರುವ ‘ಹೈ ಎಂಡ್ಯೂರೆನ್ಸ್’ ಕಾರ್ಡಿಗೆ ಸ್ವಲ್ಪ ಹೆಚ್ಚು ದುಡ್ಡು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ 256 ಜಿಬಿ ಕಾರ್ಡಿನೊಳಗೆ 16 ಜಿಬಿಯೇ ಇದ್ದು, ಮೇಲಿನದೆಲ್ಲ ಸುಳ್ಳು ಲೇಬಲ್ ಆಗಿರುವುದೂ ಉಂಟು. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಕಾರ್ಡಿನ ತುದಿಯವರೆಗೆ ಬರೆದು, ಮತ್ತೆ ಓದಿ ನಿಜ ಹೇಳುತ್ತದೆ. ಹೊಸ ಖಾಲಿ ಕಾರ್ಡಿಗೆ ಮಾತ್ರ ಈ ಪರೀಕ್ಷೆ ಮಾಡಿ.

ಎರಡನೆಯ ಕ್ಯಾಮೆರಾ ಎದುರಿನ ಮನೆಯ ಮಹಡಿಯದು. ಮನೆಯವರು ಭಾನುವಾರವೇ ಹತ್ತೂ ನಲವತ್ತಕ್ಕೆ ಹಾಕಿ ನೋಡಿ ಏನೂ ಇಲ್ಲ ಎಂದು ಬಿಟ್ಟಿದ್ದರು. ನಾವೂ ನೋಡಿದೆವು. ಇಲ್ಲ. ಆದರೆ ಚಿತ್ರದಲ್ಲಿ ಎದುರಿನ ಕಿರಾಣಿ ಅಂಗಡಿ ತೆರೆದಿತ್ತು, ಮಕ್ಕಳು ಬಿಸ್ಕತ್ತು ಕೊಳ್ಳುತ್ತಿದ್ದರು. ರಾತ್ರಿ ಹತ್ತೂ ನಲವತ್ತಕ್ಕೆ ಯಾವ ಮಕ್ಕಳು? ಸೆಟ್ಟಿಂಗ್ ತೆಗೆದು ನೋಡಿದರೆ ಸಮಯದ ವಲಯ ಕಾರ್ಖಾನೆಯಿಂದ ಬಂದದ್ದೇ ಇತ್ತು, ಜಿಎಂಟಿ ಪ್ಲಸ್ 8. ಅದು ಚೀನಾದ ಗಡಿಯಾರ. ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಶನಿವಾರ ರಾತ್ರಿ 10.40ರ ಜಿಗಣಿ, ಆ ಕಾರ್ಡಿನಲ್ಲಿ ಭಾನುವಾರ ಬೆಳಗಿನ ಜಾವ 1.10.

ಅಲ್ಲಿಗೆ ಹೋದರೆ ಕಡತ ಇದೆ, ಓಡುತ್ತಿಲ್ಲ. ಆ ರಾತ್ರಿ ಕರೆಂಟು ಹೋಗಿ ಬಂದಿತ್ತಂತೆ. ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಕಡತದ ಕೊನೆ ಕಟ್ಟಿರುವುದಿಲ್ಲ. ಒಳಗೆ ದೃಶ್ಯ ಇದ್ದರೂ ಪ್ಲೇಯರಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ.

ಆಗ ಮಂಗಳವಾರ ಸಂಜೆ ನಾಲ್ಕು. ಕಾರ್ಡು 64 ಜಿಬಿ. ಸೆಕೆಂಡಿಗೆ ಎರಡು ಮೆಗಾಬಿಟ್ ಲೆಕ್ಕದಲ್ಲಿ ಬರೆಯುವ ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ಹೆಚ್ಚೆಂದರೆ 71 ಗಂಟೆ, ಆಮೇಲೆ ಹಳೆಯದರ ಮೇಲೆಯೇ ಹೊಸದು. ಶನಿವಾರ ರಾತ್ರಿಯ ಆ ನಿಮಿಷಕ್ಕೆ ಉಳಿದಿದ್ದ ಆಯುಸ್ಸು ಐದೂವರೆ ಗಂಟೆ.

(ಪೊಲೀಸ್ ಠಾಣೆಯ ಕ್ಯಾಮೆರಾಗಳು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷದ ದೃಶ್ಯ ಇಟ್ಟಿರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಜನ ಸೇರುವ ದೊಡ್ಡ ಜಾಗಗಳಿಗೆ ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆಯಲ್ಲಿ 30 ದಿನ. ಮನೆಗೆ ಯಾವ ಲೆಕ್ಕವೂ ಇಲ್ಲ. ಬೀದಿಯಲ್ಲಿ ಸತ್ತವರಿಗೆ ಹೆಚ್ಚಾಗಿ ಸಾಕ್ಷಿ ಆಗುವುದು ಮಾತ್ರ ಮನೆಯ ಕ್ಯಾಮೆರಾವೇ.)

ಮೊದಲು ಕ್ಯಾಮೆರಾದ ಪ್ಲಗ್ ತೆಗೆಸಿದೆವು. ಅದಕ್ಕಿಂತ ದೊಡ್ಡ ರಿಪೇರಿ ಇಲ್ಲ. ಬರೆಯುವುದು ನಿಂತರೆ ಇರುವುದು ಉಳಿಯುತ್ತದೆ. ಆಮೇಲೆ ಠಾಣೆಗೆ ಫೋನು. ಪೇದೆಯೊಬ್ಬರು ಬಂದ ಮೇಲೆಯೇ ಕಾರ್ಡನ್ನು ಹೊರತೆಗೆದದ್ದು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದನ್ನು ನಾಳೆ ಕೋರ್ಟಿನಲ್ಲಿ ಕೇಳುತ್ತಾರೆ. ಸರ್ಕಲ್‌ನ ಕಂಪ್ಯೂಟರ್ ಅಂಗಡಿಯಲ್ಲಿ ಅಡಾಪ್ಟರಿನ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ ಹಾಕಿದರೆ, ಪರದೆಯ ಮೇಲೆ ಎಂದಿನ ಸಾಲು: ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು. ಅಂಗಡಿ ಹುಡುಗನ ಬೆರಳು ಅಭ್ಯಾಸಬಲದಿಂದ ಮೌಸಿನ ಕಡೆ ಹೋಯಿತು. ಅಣ್ಣ ಆ ಕೈ ಹಿಡಿದುಕೊಂಡೇಬಿಟ್ಟ.

ರದ್ದು ಒತ್ತಿ, ಕಾರ್ಡಿನ ಪೂರ್ತಿ ಪ್ರತಿಬಿಂಬವನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡೆವು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಮೊದಲು ಚೆನ್ನಾಗಿರುವ ಭಾಗ ಎತ್ತಿಕೊಂಡು, ಹಾಳಾದದ್ದಕ್ಕೆ ಆಮೇಲೆ ಕೈ ಹಾಕುತ್ತದೆ. ಮೂಲ ಕಾರ್ಡು ಪೇದೆಯ ಲಕೋಟೆಗೆ ಹೋಯಿತು. ಮುಂದಿನ ಸಾಹಸವೆಲ್ಲ ನಕಲಿನ ಮೇಲೆ. ಫೋಟೊರೆಕ್ ಓಡಿಸಿದಾಗ ತುಂಡು ತುಂಡಾಗಿ ಕಡತಗಳು ಬಂದವು. ಹೆಸರಿಲ್ಲ, ದಿನಾಂಕವಿಲ್ಲ. ಚಿತ್ರದ ಮೂಲೆಯಲ್ಲಿ ಅಚ್ಚಾಗಿದ್ದ ಗಡಿಯಾರ ನೋಡಿಯೇ ಹುಡುಕಬೇಕು. ರಾತ್ರಿ ಹನ್ನೊಂದರ ಹೊತ್ತಿಗೆ ಹದಿನೇಳು ಸೆಕೆಂಡಿನ ಒಂದು ತುಂಡು ಸಿಕ್ಕಿತು.

ನಂಬರ್ ಪ್ಲೇಟ್ ಕಾಣಲಿಲ್ಲ. ರಾತ್ರಿ ಹೊತ್ತು ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಪ್ಲೇಟು ಬೆಳ್ಳಗೆ ಉರಿದುಹೋಗಿತ್ತು. ಆದರೆ ಲಾರಿ ಕಂಡಿತು. ಹಿಂದಿನ ಎಡದ ದೀಪ ಇಲ್ಲ, ಕಬ್ಬಿಣದ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ ಗ್ರಾನೈಟ್ ಹಾಸುಗಳು, ಅರ್ಧ ಮುಚ್ಚಿದ ಟಾರ್ಪಾಲು. ಗ್ರಾನೈಟ್ ಕಾರ್ಖಾನೆಗಳ ಊರು ಇದು. ಆ ಹೊತ್ತಿನಲ್ಲಿ ಲೋಡ್ ಹೊರಟದ್ದು ಎಲ್ಲಿಂದ ಎನ್ನುವುದು ಗೇಟಿನ ಪುಸ್ತಕದಲ್ಲಿರುತ್ತದೆ. ಪೊಲೀಸರಿಗೆ ಅಷ್ಟು ಸಾಕಾಯಿತು. ಹತ್ತು ದಿನಕ್ಕೆ ಗಾಡಿ ಠಾಣೆಯ ಮುಂದೆ ನಿಂತಿತ್ತು.

ನಮ್ಮ ಪತ್ರಿಕೆಗಳಲ್ಲಿ ಅದು ಆರು ಸಾಲು ಬಂತು. ತುಣುಕು ಕೊಡಿ ಎಂದು ಡೆಸ್ಕಿನವರು ಕೇಳಿದ್ದರು, ನಾವು ಕೊಡಲಿಲ್ಲ. ಆ ಹದಿನೇಳು ಸೆಕೆಂಡಿನಲ್ಲಿ ಹುಡುಗನೂ ಇದ್ದ.

ಕೆಲಸ ಇನ್ನೂ ಒಂದು ಬಾಕಿ ಇತ್ತು. ಎಲೆಕ್ಟ್ರಾನಿಕ್ ಸಾಕ್ಷ್ಯದ ನಕಲಿಗೆ ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲೇ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ 65ಬಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63 ಆಗಿದೆ, 2024ರ ಜುಲೈ 1ರಿಂದ ಜಾರಿ. ನಮೂನೆಯಲ್ಲಿ ಎರಡು ಭಾಗ: ಒಂದಕ್ಕೆ ಸಾಧನ ಇಟ್ಟುಕೊಂಡವರ ಸಹಿ, ಇನ್ನೊಂದಕ್ಕೆ ತಜ್ಞರದು. ಕಡತದ ಹ್ಯಾಷ್ ಅನ್ನೂ ಬರೆಯಬೇಕು. ಒಂದು ಬಿಂದು ಬದಲಾದರೂ ಬದಲಾಗುವ ಬೆರಳಚ್ಚು ಅದು.

ಮನೆಯ ಯಜಮಾನರು ಹಿಂಜರಿದರು. ಲಾರಿಯವರು ಇದೇ ಊರಿನವರು, ನಾಳೆ ನಾವು ಇಲ್ಲೇ ಬಾಳಬೇಕು ಎಂದರು. ಅದು ಸುಳ್ಳೇನಲ್ಲ. ಅಣ್ಣ ಏನೂ ಮಾತಾಡದೆ ಹೊಸ್ತಿಲ ಹೊರಗೆ ಚಪ್ಪಲಿಯ ಪಕ್ಕ ನಿಂತಿದ್ದ. ಒಳಗಿನಿಂದ ಯಜಮಾನರ ತಾಯಿ ಬಂದು, ಅವನಿಗೆ ಕುಡಿಯಲು ನೀರು ಕೊಟ್ಟು, ಮಗನ ಕಡೆ ತಿರುಗಿ ‘ಪೆನ್ನು ಎಲ್ಲಿಟ್ಟಿದೀಯಪ್ಪ?’ ಎಂದರು.

ಅರವತ್ತನಾಲ್ಕು ಅಕ್ಷರದ ಹ್ಯಾಷನ್ನು ನಮ್ಮಲ್ಲೊಬ್ಬರು ಓದಿ ಹೇಳಿದೆವು. ಅವರು ಒಂದೊಂದಾಗಿ ಬರೆದುಕೊಂಡರು.