ನೇಮ ಕಲಿತ ನಾಯಿಮರಿ

ಮನುಷ್ಯನೊಡನೆ ನಾಯಿಯ ಒಡನಾಟ ೧೪,೦೦೦ ವರ್ಷಗಳಿಗೂ ಹಳೆಯದೆಂದು ಪ್ರಾಚ್ಯವಸ್ತು ಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಹಳ್ಳಿಗಳ ಕಣಗಳಲ್ಲಿ, ತೋಟದ ಮನೆಗಳಲ್ಲಿ, ಕುರಿಹಟ್ಟಿಗಳಲ್ಲಿ ಅದು ಕಾವಲಿನ ಕಾಯಕವನ್ನು ತಪ್ಪದೆ ನಡೆಸುತ್ತ ಬಂದಿದೆ. ಆದರೆ ಅಲ್ಲೆಲ್ಲ ಅದರ ನೆಲೆ ಹೊಸ್ತಿಲಿನಾಚೆ. ಬಯಲು ವಿಶಾಲವಾಗಿದ್ದುದರಿಂದ ಎಲ್ಲಿ ಮಲಗಬೇಕು, ಎಲ್ಲಿ ಮಲಮೂತ್ರ ವಿಸರ್ಜಿಸಬೇಕು ಎಂಬುದನ್ನು ಅದಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ. ಇಂದು ಪಟ್ಟಣಗಳಲ್ಲಿ ಹಿತ್ತಿಲಿಲ್ಲದ ಮನೆಗಳು ಹೆಚ್ಚಿದಂತೆ ನಾಯಿಯೂ ಹೊಸ್ತಿಲು ದಾಟಿ ಒಳಗೆ ಬಂದಿದೆ. ಒಳಗೆ ಬಂದ ಜೀವಕ್ಕೆ ಒಳಗಿನ ನೇಮವನ್ನು ಕಲಿಸುವ ಹೊಣೆ ಕರೆತಂದವರದು. ಆ ಹೊಣೆ ಹೊತ್ತ ಕೆಲವು ತಿಂಗಳುಗಳಲ್ಲಿ ನಾವು ಕಂಡುಂಡುದನ್ನು, ಮನೆಯಲ್ಲಿ ಮರಿಯೊಂದನ್ನು ಸಾಕಬೇಕೆಂದಿರುವ ಶರಣ ಬಂಧುಗಳಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇಲ್ಲಿ ನಿವೇದಿಸುತ್ತೇವೆ.

ಧಾರವಾಡದ ನಮ್ಮ ಓಣಿಯ ಕೊನೆಯಲ್ಲಿರುವ ಮೋರಿಯಲ್ಲಿ ಬೀದಿನಾಯಿಯೊಂದು ಮರಿ ಹಾಕಿತ್ತು. ಕೆಲವೇ ವಾರಗಳಲ್ಲಿ ವಾಹನಕ್ಕೆ ಸಿಕ್ಕು ತಾಯಿ ಸತ್ತಿತು. ಮರಿಗಳನ್ನು ಓಣಿಯವರು ಒಂದೊಂದಾಗಿ ಒಯ್ದರು. ಕೊನೆಗೆ ಉಳಿದ ಕಂದು ಬಣ್ಣದ ಹೆಣ್ಣುಮರಿ ಕಾರಹುಣ್ಣಿಮೆಯ ಮುನ್ನಾದಿನ ನಮ್ಮ ಮನೆಗೆ ಬಂದಿತು. ಪಶುವೈದ್ಯರು ಹಲ್ಲು ನೋಡಿ, ಎಂಟು ವಾರದ್ದಿರಬಹುದೆಂದರು. ಅದರ ಹಣೆಯ ಮೇಲಿದ್ದ ಬಿಳಿಯ ಮಚ್ಚೆಯನ್ನು ಕಂಡು ನಮ್ಮ ಕಿರಿಯ ಮಗಳು ‘ಚುಕ್ಕಿ’ ಎಂದು ಹೆಸರಿಟ್ಟಳು.

ಮನೆಯಲ್ಲಿ ಹಿರಿಯರಾದ ನಮ್ಮ ತಾಯಿಯವರಿಗೆ ೭೮ ವರ್ಷ. ನಸುಕಿನಲ್ಲಿ ಮಿಂದು, ಪಡಸಾಲೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಇಷ್ಟಲಿಂಗ ಪೂಜೆಗೆ ಕೂಡುವುದು ಅವರ ತಪ್ಪದ ರೂಢಿ. ಮರಿ ಒಳಗೆ ಬಂದಾಗ ನೆಂಟರಲ್ಲಿ ಕೆಲವರು ಮೈಲಿಗೆಯ ಮಾತೆತ್ತಿದರು. ತಾಯಿಯವರು ಅದಕ್ಕೆ ಕಿವಿಗೊಡಲಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿಯೆಂಬ ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಕ್ಕಳು ಒಂದು ಮೂಕಪ್ರಾಣಿಯನ್ನು ಕಂಡು ಮೈಲಿಗೆಯೆನ್ನಬಹುದೆ? ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನೋದಿಸಿದರೆಂಬ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದವರು ಅವರು. ಅವರಿಗಿದ್ದ ಚಿಂತೆ ಶುಚಿಯದು, ಅದಕ್ಕಿಂತ ಹೆಚ್ಚಾಗಿ ಕಾಲಿನದು. ನುಣುಪಾದ ನೆಲದ ಮೇಲೆ ಮರಿಯ ಮೂತ್ರ ನಸುಕಿನ ಮಬ್ಬಿನಲ್ಲಿ ಕಾಣದು. ಬರಿಗಾಲಿನಲ್ಲಿ ಓಡಾಡುವ ವೃದ್ಧರು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ನಡೆದಾಡುವುದು ಕಷ್ಟ.

ಮರಿಯ ಪಾಲಿಗೂ ಇದು ಸಣ್ಣ ಸಂಗತಿಯಾಗಿರಲಿಲ್ಲ. ಶುಚಿಯನ್ನು ಕಲಿಯದ ಮರಿಗಳಿಗೆ ಒದಗುವ ಗತಿಯನ್ನು ನಾವು ಸುತ್ತಮುತ್ತ ಕಂಡಿದ್ದೇವೆ. ಕೆಲವು ಆಯುಷ್ಯವಿಡೀ ಗೇಟಿನ ಬದಿಯ ಸರಪಳಿಯಲ್ಲಿ ಕಾಲ ಕಳೆಯುತ್ತವೆ. ಕೆಲವನ್ನು ನಾಲ್ಕೈದು ತಿಂಗಳಾಗುವಷ್ಟರಲ್ಲಿ ಚೀಲದಲ್ಲಿ ಹಾಕಿಕೊಂಡು ಹೋಗಿ ಊರ ಹೊರಗೆ ಬಿಟ್ಟುಬರುತ್ತಾರೆ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯ್ದೆಯ ೧೧ನೆಯ ಕಲಮು ಇವೆರಡನ್ನೂ ಅಪರಾಧವೆಂದೇ ಎಣಿಸಿದೆ. ಪ್ರಾಣಿಯನ್ನು ಅತಿಯಾದ ಕಾಲ ಕಟ್ಟಿಹಾಕುವುದೂ ತಪ್ಪು, ಸಕಾರಣವಿಲ್ಲದೆ ತೊರೆಯುವುದೂ ತಪ್ಪು. ಆದರೆ ಕಾಯ್ದೆಯ ಭಯದಿಂದ ಮರಿ ಉಳಿಯದು. ಅದು ಮನೆಯವರೊಡನೆ ಬಾಳಲು ಕಲಿತರೆ ಉಳಿಯುತ್ತದೆ.

ಪಶುವೈದ್ಯರು ‘ಕ್ರೇಟ್’ ಬಳಸಿ ಕಲಿಸಿರೆಂದು ಸಲಹೆಯಿತ್ತರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಕ್ರಮ ಬಹಳ ರೂಢಿಯಲ್ಲಿದೆ. ಪೇಟೆಯಲ್ಲಿ ದೊರೆಯುವ ಕ್ರೇಟು ಮಡಚಬಹುದಾದ ಕಬ್ಬಿಣದ ಸರಳುಗಳ ಪೆಟ್ಟಿಗೆ. ಅದರ ಚಿತ್ರವನ್ನು ಕಂಡೊಡನೆ ತಾಯಿಯವರ ಮುಖ ಕಪ್ಪಿಟ್ಟಿತು. “ತಮ್ಮಾ, ಮಾತು ಬರಲಾರದ ಜೀವಾನ ಬೋನಿನಾಗ ಇಟ್ಟು ನಾವು ಹ್ಯಾಂಗ ಲಿಂಗಪೂಜಿಗೆ ಕೂಡೂದು?” ಎಂದರು.

ಆ ಪ್ರಶ್ನೆಯನ್ನು ಹಗುರಾಗಿ ತೆಗೆದುಹಾಕುವಂತಿರಲಿಲ್ಲ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂದು ಬೋಧಿಸಿದ ಬಸವಾದಿ ಪ್ರಮಥರ ಮಾರ್ಗದಲ್ಲಿ ನಡೆಯುವ ಮನೆಗೆ ಅದು ತಕ್ಕ ಪ್ರಶ್ನೆಯೇ ಸರಿ. ಮೇಲೆ ಹೇಳಿದ ಕಾಯ್ದೆಯ ಅದೇ ಕಲಮಿನಲ್ಲಿ, ಅಲುಗಾಡಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದೂ ಕ್ರೌರ್ಯವೆಂದಿದೆ. ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳಂತೂ ಮನೆಯೊಳಗೆ ನಾಯಿಯನ್ನು ನಿತ್ಯವೂ ಮುಚ್ಚಿದ ಪಂಜರದಲ್ಲಿಡುವುದನ್ನು ಕಾನೂನಿನಿಂದ ನಿರ್ಬಂಧಿಸಿವೆ. ಹೀಗಿರುವಾಗ ಮೊದಲು ಇದರ ಮರ್ಮವೇನೆಂದು ತಿಳಿಯಬೇಕಾಯಿತು.

ಮರ್ಮವಿರುವುದು ತಾಯಿನಾಯಿಯ ಪಾಲನೆಯಲ್ಲಿ. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗಳ ಮಲಮೂತ್ರವನ್ನು ತಾಯಿಯೇ ನೆಕ್ಕಿ ಮಲಗುವ ತಾಣವನ್ನು ಶುಚಿಯಾಗಿಡುತ್ತದೆ. ಸುಮಾರು ಮೂರು ವಾರ ತುಂಬಿ ಕಾಲಿಗೆ ಬಲ ಬಂದೊಡನೆ ಮರಿಗಳು ತಾವಾಗಿಯೇ ಮಲಗುವ ಜಾಗದಿಂದ ಅಷ್ಟು ದೂರ ಸರಿದು ವಿಸರ್ಜಿಸತೊಡಗುತ್ತವೆ. ಹಾಸಿಗೆಯನ್ನು ಹೊಲಸು ಮಾಡಬಾರದೆಂಬ ಗುಣ ಅವುಗಳಿಗೆ ಹುಟ್ಟಿನಿಂದಲೇ ಬಂದುದು. ಗೂಡು ಮಾಡುವ ಕೆಲಸವೆಂದರೆ ಆ ಗುಣಕ್ಕೆ ಆಸರೆಯಾಗುವುದು ಅಷ್ಟೇ. ಮರಿ ಗೂಡಿನಲ್ಲಿರುವಷ್ಟು ಹೊತ್ತು ತಡೆದುಕೊಳ್ಳಲು ಯತ್ನಿಸುತ್ತದೆ. ಅದು ತಡೆದುಕೊಳ್ಳಬಲ್ಲ ಅವಧಿ ಮುಗಿಯುವ ಮೊದಲೇ ಹೊರಗೊಯ್ದರೆ ಸರಿಯಾದ ಸ್ಥಳದಲ್ಲಿ ವಿಸರ್ಜಿಸಿ ಮೆಚ್ಚುಗೆ ಪಡೆಯುತ್ತದೆ.

ಆದುದರಿಂದ ಗೂಡಿನ ಅಳತೆ ಮುಖ್ಯ. ಮರಿ ತಲೆ ತಗ್ಗಿಸದೆ ನಿಲ್ಲಬೇಕು, ಸರಾಗವಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇದಕ್ಕಿಂತ ಚಿಕ್ಕದಾದರೆ ಹಿಂಸೆ. ತೀರ ದೊಡ್ಡದಾದರೆ ಮರಿ ಒಂದು ಮೂಲೆಯನ್ನು ಬಚ್ಚಲು ಮಾಡಿಕೊಂಡು ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ನಾವು ಬಡಗಿಯಿಂದ ಕಟ್ಟಿಗೆಯ ಪಟ್ಟಿಗಳ ಗೂಡನ್ನು ಮಾಡಿಸಿ, ಮರಿ ಬೆಳೆದಂತೆ ಹಿಂದಕ್ಕೆ ಸರಿಸಬಹುದಾದ ಹಲಗೆಯೊಂದನ್ನು ಒಳಗೆ ಹೂಡಿಸಿದೆವು. ಜನರ ಮಾತು ಕೇಳಿಬರುವ ಪಡಸಾಲೆಯ ಗೋಡೆಗೆ ಹೊಂದಿಸಿಟ್ಟೆವು. ಮೊದಲ ಮೂರು ದಿನ ಬಾಗಿಲನ್ನು ಮುಚ್ಚಲೇ ಇಲ್ಲ. ಊಟದ ಬಟ್ಟಲನ್ನು ಒಳಗಿಟ್ಟೆವು; ಮರಿ ಹೋಯಿತು, ತಿಂದಿತು, ಹೊರಬಂದಿತು. ಮೂರನೆಯ ಮಧ್ಯಾಹ್ನ ಆಟವಾಡಿ ದಣಿದ ಮರಿ ಯಾರೂ ಕರೆಯದೆ ಒಳಹೊಕ್ಕು ಮುದುರಿ ಮಲಗಿತು. ಹತ್ತಿ ಬಿಡಿಸುತ್ತ ಕುಳಿತಿದ್ದ ತಾಯಿಯವರು ಅದನ್ನು ಬಹಳ ಹೊತ್ತು ನೋಡಿದರು. “ತನ್ನ ಮನಿ ತಾನ ಹುಡುಕ್ಕೊಂತು ನೋಡ್ರಿ” ಎಂದರು. ಮರುದಿನ ಹಳೆಯ ಸೀರೆಗಳ ತುಂಡುಗಳನ್ನು ಹೊಲಿದು ಗೂಡಿನ ಅಳತೆಗೆ ಒಂದು ಪುಟ್ಟ ಕೌದಿ ಮಾಡಿಕೊಟ್ಟರು. ಆದರೆ ಕರಾರೊಂದನ್ನು ಹಾಕಿದರು: ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಮುಚ್ಚಬಾರದು, ಸಿಟ್ಟು ಬಂದಾಗ ಅದನ್ನು ಗೂಡಿಗೆ ದೂಡಬಾರದು. ಎರಡನೆಯ ಮಾತನ್ನು ಈ ವಿದ್ಯೆ ಬಲ್ಲವರೆಲ್ಲರೂ ಹೇಳುತ್ತಾರೆ. ಶಿಕ್ಷೆಯ ಸ್ಥಳವಾದ ಗೂಡಿನಲ್ಲಿ ಮರಿ ನೆಮ್ಮದಿಯಿಂದ ಮಲಗದು.

ಇನ್ನು ದಿನಚರಿಯ ಮಾತು. ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆಗಳು ಅದು ತಡೆದುಕೊಳ್ಳಬಲ್ಲ ಗರಿಷ್ಠ ಅವಧಿಯೆಂಬುದು ಸ್ಥೂಲವಾದ ಲೆಕ್ಕ. ಎರಡು ತಿಂಗಳ ಮರಿಗೆ ಮೂರು ಗಂಟೆ. ಎಚ್ಚರವಾಗಿ ಆಡುತ್ತಿರುವಾಗ ಅದೂ ಹೆಚ್ಚೇ; ಗಂಟೆಗೊಮ್ಮೆ ಒಯ್ಯುವುದು ಲೇಸು. ನಿದ್ದೆಯಿಂದೆದ್ದೊಡನೆ, ಉಂಡ ಮೇಲೆ ಐದರಿಂದ ಮೂವತ್ತು ನಿಮಿಷಗಳೊಳಗೆ, ಆಟ ಮುಗಿದೊಡನೆ, ನೆಲ ಮೂಸುತ್ತ ಸುತ್ತು ಹಾಕತೊಡಗಿದೊಡನೆ ಒಯ್ಯಲೇಬೇಕು. ಹೊಟ್ಟೆಗೆ ಆಹಾರ ಬಿದ್ದೊಡನೆ ಕರುಳು ಚಲಿಸುವುದು ದೇಹಧರ್ಮ. ಆದ್ದರಿಂದ ಊಟಕ್ಕೆ ಹೊತ್ತು ಗೊತ್ತಾಗಿದ್ದರೆ ವಿಸರ್ಜನೆಗೂ ಹೊತ್ತು ಗೊತ್ತಾಗುತ್ತದೆ. ನಾವು ದಿನಕ್ಕೆ ನಾಲ್ಕು ಹೊತ್ತು ಅಳತೆಯಿಂದ ಉಣಿಸಿದೆವು. ಮರಿಯೆಂದರೆ ಹಾಲು ಎಂಬ ಭಾವನೆ ನಮ್ಮಲ್ಲಿದೆ. ತಾಯಿಹಾಲು ಬಿಟ್ಟ ಅನೇಕ ಮರಿಗಳಿಗೆ ಹಸುವಿನ ಹಾಲು ಹೆಚ್ಚಾದರೆ ಭೇದಿಯಾಗುತ್ತದೆ. ಭೇದಿಯಾಗುವ ಮರಿಗೆ ಯಾವ ನೇಮವೂ ಹತ್ತದು.

ಗೇಟಿನೊಳಗಿನ ನುಗ್ಗೆಯ ಗಿಡದ ಬುಡವನ್ನು ಗೊತ್ತುಮಾಡಿ ಪ್ರತಿಸಲ ಅಲ್ಲಿಗೇ ಒಯ್ದೆವು. ಬೀದಿಗೆ ಒಯ್ಯದಿರಲು ಕಾರಣವಿತ್ತು. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ರೋಗಗಳ ಲಸಿಕೆಯ ಸರಣಿ ಮರಿಗೆ ನಾಲ್ಕು ತಿಂಗಳಾಗುವವರೆಗೂ ನಡೆಯುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದಿಂದ ದೂರವಿರುವುದು ಕ್ಷೇಮ. ಗಿಡದ ಬಳಿ ನಿಂತು ‘ಹೋಗಿ ಬಾ’ ಎಂಬ ಒಂದೇ ಮಾತನ್ನು ಹೇಳುತ್ತಿದ್ದೆವು. ಕೆಲಸ ಮುಗಿದ ಮರುಗಳಿಗೆಯೇ ಮೈದಡವಿ ಹೊಗಳಿ, ರೊಟ್ಟಿಯ ಚೂರೊಂದನ್ನು ಕೊಡುತ್ತಿದ್ದೆವು. ಒಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದುದಕ್ಕೆ ಸಿಕ್ಕ ಬಹುಮಾನವೆಂದು ತಿಳಿದುಕೊಳ್ಳುತ್ತದೆ. ರಾತ್ರಿ ಎರಡಕ್ಕೊಮ್ಮೆ, ಐದಕ್ಕೊಮ್ಮೆ ಸರದಿಯಂತೆ ಏಳುತ್ತಿದ್ದೆವು. ಆಗ ದೀಪ ಹಚ್ಚದೆ, ಆಟವಾಡಿಸದೆ, ಹೊರಗೊಯ್ದು ತಂದು ಮಲಗಿಸಬೇಕು. ಮೂರುವರೆ ತಿಂಗಳಾಗುವಷ್ಟರಲ್ಲಿ ಎರಡರ ಸರದಿ ತಾನಾಗಿ ನಿಂತಿತು.

ಧಾರವಾಡದ ಜಿಟಿಜಿಟಿ ಮಳೆ ಮಾತ್ರ ಚೆನ್ನಾಗಿ ಪರೀಕ್ಷಿಸಿತು. ಆಷಾಢದಲ್ಲಿ ವಾರವಿಡೀ ಬಿಸಿಲು ಕಾಣದು. ಹಸಿ ನೆಲಕ್ಕೆ ಕಾಲಿಡಲೊಲ್ಲದೆ ಚುಕ್ಕಿ ಬಾಗಿಲಿನಲ್ಲೇ ಕುಳಿತುಬಿಡುತ್ತಿತ್ತು. ಒಳಗೆ ಬಂದೊಡನೆ ಪಡಸಾಲೆಯಲ್ಲಿ ಹೊಳೆ ಹರಿಸುತ್ತಿತ್ತು. ಕೊಡೆ ಹಿಡಿದುಕೊಂಡು ಗಿಡದ ಬಳಿ ಹತ್ತು ಹದಿನೈದು ನಿಮಿಷ ನಿಲ್ಲುವುದರ ವಿನಾ ಬೇರೆ ಉಪಾಯವಿರಲಿಲ್ಲ. ನೆಂಟರೊಬ್ಬರು, ಮೂಗನ್ನು ಅದೇ ಮೂತ್ರಕ್ಕೆ ತಿಕ್ಕಿ ಎರಡು ಬಾರಿಸಿದರೆ ಬುದ್ಧಿ ಬರುತ್ತದೆಂದು ಉಪದೇಶಿಸಿದರು. ಹಳೆಯ ಕಾಲದಿಂದ ನಡೆದುಬಂದ ಈ ಪದ್ಧತಿಯಲ್ಲಿ ಹುರುಳಿಲ್ಲ. ಗಳಿಗೆಯ ಹಿಂದೆ ಆದುದಕ್ಕೂ ಈಗ ಬಿದ್ದ ಏಟಿಗೂ ಮರಿ ನಂಟು ಕಟ್ಟಲಾರದು. ಅದು ಕಲಿಯುವುದು ಇಷ್ಟೇ: ಮನುಷ್ಯರ ಎದುರಿನಲ್ಲಿ ವಿಸರ್ಜಿಸುವುದು ಅಪಾಯ. ಆ ಮೇಲೆ ಅದು ಮಂಚದ ಕೆಳಗೆ, ಕಪಾಟಿನ ಹಿಂದೆ ಅಡಗಿ ಮಾಡತೊಡಗುತ್ತದೆ. ಹೊರಗೊಯ್ದರೂ ನಮ್ಮೆದುರು ಮಾಡಲಂಜುತ್ತದೆ. ಆದುದನ್ನು ಮಾತಿಲ್ಲದೆ ಒರೆಸುವುದೇ ಸರಿಯಾದ ದಾರಿ. ಒರೆಸುವಾಗಲೂ ವಾಸನೆ ಪೂರ್ತಿ ಹೋಗಬೇಕು, ಇಲ್ಲವಾದರೆ ಮರಿ ಅದೇ ಜಾಗಕ್ಕೆ ಮರಳುತ್ತದೆ. ಅಮೋನಿಯ ಬೆರೆತ ದ್ರಾವಣಗಳು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅವು ಬೇಡ. ನೆಲ ನೆಕ್ಕುವ ಮರಿಗೆ ಫಿನೈಲೂ ಹಿತವಲ್ಲ. ಸಾಬೂನಿನ ನೀರಿನಿಂದ ತೊಳೆದು, ಇದಕ್ಕೆಂದೇ ದೊರೆಯುವ ಕಿಣ್ವಗಳುಳ್ಳ ದ್ರಾವಣದಿಂದ ಒರೆಸುವುದು ಉತ್ತಮ.

ಶ್ರಾವಣದ ಒಂದು ಸೋಮವಾರ ನಮ್ಮ ಮನೆಯಲ್ಲಿ ಶಿವಾನುಭವಗೋಷ್ಠಿ ಏರ್ಪಟ್ಟಿತ್ತು. ಮೂವತ್ತು ಮಂದಿ ಬಂದಿದ್ದರು. ಪೂಜೆ, ಪ್ರವಚನ, ಪ್ರಸಾದ ಮುಗಿಯುವಷ್ಟರಲ್ಲಿ ಎರಡು ತಾಸು ಕಳೆದುವು. ಗೋಷ್ಠಿಗೆ ಮುನ್ನ ಅಂಗಳಕ್ಕೆ ಹೋಗಿ ಬಂದಿದ್ದ ಚುಕ್ಕಿ ಅಷ್ಟು ಹೊತ್ತೂ ತನ್ನ ಗೂಡಿನಲ್ಲಿ ಕೌದಿಯ ಮೇಲೆ ಮಲಗಿತ್ತು. ಮಂಗಳಾರತಿಯ ಗಂಟೆಗೆ ಒಮ್ಮೆ ತಲೆಯೆತ್ತಿ ನೋಡಿತು. ಜನ ಚದುರಿದ ಮೇಲೆ ಬಾಗಿಲು ತೆರೆದೊಡನೆ ನೇರವಾಗಿ ನುಗ್ಗೆಯ ಗಿಡದತ್ತ ಓಡಿತು. ಅಂದಿನಿಂದ ತಾಯಿಯವರು ನಸುಕಿನಲ್ಲಿ ಕೈದೀಪವಿಲ್ಲದೆ ಪೂಜೆಯ ಮೂಲೆಗೆ ನಡೆಯತೊಡಗಿದರು. ದೀಪಾವಳಿಯ ವೇಳೆಗೆ ಏಳು ತಿಂಗಳಾಗಿದ್ದ ಮರಿಗೆ ಗೂಡಿನ ಬಾಗಿಲು ಬೇಕಾಗಿರಲಿಲ್ಲ; ಬಡಗಿಯನ್ನು ಕರೆಸಿ ಅದನ್ನು ಕಳಚಿಸಿದೆವು. ಆದರೂ ಪಟಾಕಿಯ ಸದ್ದಿಗೆ ಬೆದರಿದಾಗ ಚುಕ್ಕಿ ಹುಡುಕಿಕೊಂಡು ಹೋದುದು ಅದೇ ಗೂಡನ್ನು.

ಈ ಕ್ರಮ ಎಲ್ಲರ ಮನೆಗೂ ಒಗ್ಗುವುದೆಂದು ನಾವು ಹೇಳಲಾರೆವು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಮರಳುವ ಮನೆಯಲ್ಲಿ ಎರಡು ತಿಂಗಳ ಮರಿಯನ್ನು ಹತ್ತು ಗಂಟೆ ಮುಚ್ಚಿಟ್ಟರೆ ಅದು ತನ್ನ ಹೊಲಸಿನಲ್ಲೇ ಮಲಗಬೇಕಾಗುತ್ತದೆ. ಹುಟ್ಟಿನಿಂದ ಬಂದ ಶುಚಿತ್ವದ ಗುಣವೂ ಅಳಿದುಹೋಗುತ್ತದೆ. ಆಗ ತಾಯಿಯವರು ಹೇಳಿದ ಹೆಸರೇ ಅದಕ್ಕೆ ಸಲ್ಲುತ್ತದೆ, ಅದು ಬೋನು. ಅದೇ ಕಟ್ಟಿಗೆ, ಅದೇ ಅಳತೆ, ಅದೇ ಕೌದಿ. ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತದೆ, ಮುಚ್ಚಿದಾಗ ಕೂಗಿದರೆ ಓಗೊಡುವವರು ಇದ್ದಾರೆಯೆ ಎಂಬುದರ ಮೇಲೆ ಗೂಡು ಬೋನಾಗುತ್ತದೆ, ಬೋನು ಗೂಡಾಗುತ್ತದೆ.

ಮರಿಗೆ ನೇಮ ಕಲಿಸಹೊರಟವರು ಮೊದಲು ತಾವು ನೇಮಕ್ಕೆ ಒಳಪಡಬೇಕು. ಹೊತ್ತಿಗೆ ಸರಿಯಾಗಿ ಏಳುವುದು, ಹೊತ್ತಿಗೆ ಸರಿಯಾಗಿ ಉಣಿಸುವುದು, ಮಳೆಯಲ್ಲಿ ನಿಲ್ಲುವುದು, ಸಿಟ್ಟನ್ನು ನುಂಗುವುದು ಇವೆಲ್ಲ ಮನುಷ್ಯರು ಮಾಡಬೇಕಾದವು. ಆದಕಾರಣ ಮಕ್ಕಳ ಹಟಕ್ಕೆ ಮಣಿದು ಮರಿಯನ್ನು ತರುವ ಮೊದಲು, ನಾಲ್ಕೈದು ತಿಂಗಳ ಕಾಲ ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಅದನ್ನು ಅಂಗಳಕ್ಕೆ ಒಯ್ಯುವವರು ಯಾರು, ರಾತ್ರಿ ಏಳುವವರು ಯಾರು ಎಂಬುದನ್ನು ಮನೆಯವರೆಲ್ಲ ಕುಳಿತು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಬೇಕೆಂದು ಬಂಧುಗಳಲ್ಲಿ ನಮ್ಮ ವಿನಂತಿ. ಹೆಸರು ಹೇಳುವವರಿಲ್ಲದಿದ್ದರೆ ಮರಿಯನ್ನು ತಾರದಿರುವುದೂ ದಯೆಯೇ.